ಅಮಾವಾಸ್ಯೆಗೊಂದು ಗ್ರಹಣ ಯಾಕಿಲ್ಲ? ಮಗಳಿಗೊಂದು ಪತ್ರ

ಸಿಂಧನೂರು

ಪ್ರೀತಿಯ ಮಗಳೇ,

ಭಾನುವಾರ ನಿನ್ನ ಪ್ರಶ್ನೆಗೆ ಬಾಯಿ ತೆಗೆಯುವಷ್ಟರಲ್ಲಿ ಪಾಳಿಯಲ್ಲಿ ನಿಂತ ಹುಡುಗಿಯರು ಗಲಾಟೆ ಮಾಡಿದರು, ನೀನು ಫೋನ್ ಇಟ್ಟುಬಿಟ್ಟೆ. "ಅಮಾವಾಸ್ಯೆ ದಿನ ಚಂದ್ರ ಸೂರ್ಯನ ಕಡೆಗೇ ಇರ್ತಾನಂತ ಸರ್ ಹೇಳಿದ್ರು. ಹಂಗಾದ್ರ ತಿಂಗಳಿಗೊಂದು ಸೂರ್ಯಗ್ರಹಣ ಆಗ್ಬೇಕಲ್ಲವ್ವ?" ಅಂದೆ. ಒಳ್ಳೆ ಪ್ರಶ್ನೆ. ಎರಡು ಮಾತಿಗೆ ಮುಗಿಯುವುದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೈಯಿಂದ ಎರಡು ಬಳೆ ತೆಗೆ. ಒಂದರೊಳಗೆ ಒಂದನ್ನು ಸ್ವಲ್ಪ ಓರೆಯಾಗಿ ಸಿಕ್ಕಿಸಿ ಹಿಡಿ. ನಡುವೆ ಭೂಮಿ ಇದೆ ಅಂದುಕೋ. ಒಂದು ಬಳೆ, ವರ್ಷವಿಡೀ ಸೂರ್ಯ ಸಾಗುವಂತೆ ನಮಗೆ ಕಾಣುವ ದಾರಿ. ಇನ್ನೊಂದು ಚಂದ್ರನ ದಾರಿ. ಎರಡೂ ಒಂದೇ ಮಟ್ಟದಲ್ಲಿದ್ದರೆ ನೀನು ಹೇಳಿದ ಹಾಗೇ ಪ್ರತಿ ಅಮಾವಾಸ್ಯೆಗೆ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೆ ಚಂದ್ರಗ್ರಹಣ ಆಗುತ್ತಿತ್ತು. ಆದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಐದೇ ಅಲ್ವಾ ಅನ್ನಬೇಡ. ಆಕಾಶದಲ್ಲಿ ಸೂರ್ಯನ ಅಗಲವೇ ಬರೀ ಅರ್ಧ ಡಿಗ್ರಿ. ಹಾಗಾಗಿ ಮುಕ್ಕಾಲುಪಾಲು ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿಂದಲೋ ಕೆಳಗಿಂದಲೋ ಸುಮ್ನೆ ದಾಟಿ ಹೋಗುತ್ತಾನೆ. ಅವನ ನೆರಳು ಭೂಮಿಗೆ ತಾಗುವುದೇ ಇಲ್ಲ.

ಈಗ ಬಳೆ ನೋಡು. ಎರಡೇ ಕಡೆ ಒಂದನ್ನೊಂದು ದಾಟುತ್ತವೆ. ಪಂಚಾಂಗದ ಲೆಕ್ಕದಲ್ಲಿ ರಾಹು, ಕೇತು ಅಂದರೆ ಆ ಎರಡು ಜಾಗಗಳೇ. ಸೂರ್ಯ ಹೆಚ್ಚುಕಮ್ಮಿ ಆರು ತಿಂಗಳಿಗೊಮ್ಮೆ ಅವುಗಳಲ್ಲಿ ಒಂದರ ಹತ್ತಿರ ಬರುತ್ತಾನೆ. ಆ ಹೊತ್ತಿಗೆ ಬೀಳುವ ಅಮಾವಾಸ್ಯೆ, ಹುಣ್ಣಿಮೆಗಳಿಗೆ ಮಾತ್ರ ಗ್ರಹಣದ ಯೋಗ. ಅದಕ್ಕೇ ಗ್ರಹಣಗಳು ಜೋಡಿಯಾಗಿ ಬರುತ್ತವೆ. 2025ರ ಸೆಪ್ಟೆಂಬರ್ 7ರ ಹುಣ್ಣಿಮೆಗೆ ಚಂದ್ರಗ್ರಹಣ ಆಯಿತು, ಎರಡು ವಾರ ಕಳೆದು ಮಹಾಲಯ ಅಮಾವಾಸ್ಯೆಗೆ ಸೂರ್ಯಗ್ರಹಣ. ಎರಡನೆಯದು ನ್ಯೂಜಿಲೆಂಡ್ ಕಡೆಯವರ ಪಾಲಿಗೆ ಹೋಯಿತು. ನಮಗೆ ಆಗ ರಾತ್ರಿ.

ಇನ್ನೊಂದು ಮಾತು. ಚಂದ್ರ ಕರಗುವುದು ಭೂಮಿಯ ನೆರಳಿನಿಂದ ಅಂತ ನಿನ್ನ ಗೆಳತಿ ಹೇಳಿದಳಂತಲ್ಲ, ಅದು ತಪ್ಪು. ದೊಡ್ಡವರೂ ಎಷ್ಟೋ ಜನ ಹಾಗೇ ತಿಳಿದಿದ್ದಾರೆ. ಹುಣ್ಣಿಮೆ ಕಳೆದು ಎಂಟನೇ ದಿನ ಬೆಳಗ್ಗೆ, ಪ್ರೇಯರ್‌ಗೆ ನಿಂತಾಗ ಪಶ್ಚಿಮದ ಕಡೆ ನೋಡಿ ಅಂತ ಅವಳಿಗೆ ಹೇಳು. ಅರ್ಧ ಚಂದ್ರ ಮಾಸಿದ ಬಿಳಿ ಬಣ್ಣದಲ್ಲಿ ಅಲ್ಲೇ ಇರುತ್ತಾನೆ. ಸೂರ್ಯ ಪೂರ್ವದಲ್ಲಿ. ಇಬ್ಬರೂ ಕಣ್ಣೆದುರಿಗೇ ಇರುವಾಗ ಭೂಮಿಯ ನೆರಳು ಅವನ ಮೇಲೆ ಬೀಳುವುದು ಹೇಗೆ? ಬೆಳಗುತ್ತಿರುವ ಅರ್ಧ ಯಾವ ಕಡೆಗಿದೆ ಅಂತಲೂ ನೋಡಿ. ಸೂರ್ಯನ ಕಡೆಗೇ ಇರುತ್ತದೆ. ಚಂದ್ರನ ಅರ್ಧಭಾಗಕ್ಕೆ ಯಾವಾಗಲೂ ಬಿಸಿಲು ಇದ್ದೇ ಇರುತ್ತದೆ, ಅದರಲ್ಲಿ ನಮಗೆಷ್ಟು ಕಾಣುತ್ತದೆ ಅನ್ನುವುದಷ್ಟೇ ದಿನಾ ಬದಲಾಗುವುದು.

ಭೂಮಿಯ ನೆರಳು ನಿಜವಾಗಿ ಬೀಳುವುದು ಚಂದ್ರಗ್ರಹಣದಲ್ಲಿ. ಆಗಲೂ ಚಂದ್ರ ಪೂರ್ತಿ ಕಪ್ಪಾಗುವುದಿಲ್ಲ, ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಭೂಮಿಯ ಸುತ್ತಲಿನ ಗಾಳಿಯಲ್ಲಿ ಹಾದು ಬಾಗಿ ಬರುವ ಕೆಂಪು ಬೆಳಕು ಅಲ್ಲಿಗೂ ಮುಟ್ಟುತ್ತದೆ. ಅದನ್ನು ಬರಿಗಣ್ಣಿನಲ್ಲಿ ನೋಡಬಹುದು, ಏನೂ ಆಗುವುದಿಲ್ಲ. ಆಗ ರಾತ್ರಿ ಇರುವ ಊರಿನವರೆಲ್ಲ ನೋಡಬಹುದು.

ಸೂರ್ಯಗ್ರಹಣ ಹಾಗಲ್ಲ. ಚಂದ್ರನ ದಟ್ಟ ನೆರಳು ಭೂಮಿಯ ಮೇಲೆ ಬರೀ ಒಂದು ಪಟ್ಟಿ ಎಳೆದುಕೊಂಡು ಓಡುತ್ತದೆ. ಆ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಪೂರ್ಣ ಗ್ರಹಣ. ಒಂದೇ ಜಾಗಕ್ಕೆ ಅದು ಮತ್ತೆ ಬರಲು ಸರಾಸರಿ 375 ವರ್ಷ ಬೇಕು. ಆ ಪಟ್ಟಿ ನಮ್ಮ ರಾಯಚೂರು ಜಿಲ್ಲೆಯ ಮೇಲೇ ಹಾದು ಹೋಗಿತ್ತು! 1980ರ ಫೆಬ್ರವರಿ 16, ಶನಿವಾರ. ಉತ್ತರ ಕನ್ನಡದ ಕರಾವಳಿಯಿಂದ ಒಳಗೆ ಬಂದ ನೆರಳು ನಮ್ಮ ಹೊಲಗಳ ಮೇಲೆ ಹಾಯ್ದು ಒಡಿಶಾ ಕಡೆ ಹೋಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ನಮ್ಮ ಜವಳಗೇರಾಕ್ಕೇ ಬಂದು ಕ್ಯಾಂಪ್ ಹಾಕಿದ್ದರು. ಪೂರ್ಣ ಗ್ರಹಣದಲ್ಲಿ ಮಾತ್ರ ಸೂರ್ಯನ ಸುತ್ತಲಿನ ಬೆಳ್ಳಗಿನ ಪ್ರಭೆ, ಅಂದರೆ ಕರೋನಾ, ಕಣ್ಣಿಗೆ ಬೀಳುತ್ತದೆ. ಅವರು ಬಂದದ್ದು ಅದಕ್ಕೆ.

ನಿಮ್ಮ ಅಜ್ಜಿ ಆಗ ಹೊಸ ಮದುಮಗಳು, ಅಲ್ಲೇ ಹತ್ತಿರದ ಊರಿನಲ್ಲಿ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅಜ್ಜಿಯನ್ನೂ ಒಳಗೆ ಕೂರಿಸಿದ್ದರು. ಪಡಸಾಲೆಯ ಹಳೇ ಬಾಗಿಲಿನಲ್ಲಿ ಮೊಳೆ ಕಿತ್ತ ತೂತೊಂದಿತ್ತಂತೆ. ಅದರಿಂದ ಎದುರಿನ ಗೋಡೆಗೆ ಬೀಳುತ್ತಿದ್ದ ದುಂಡನೆ ಬೆಳಕು ಬರಬರುತ್ತಾ ಬಿದಿಗೆ ಚಂದ್ರನ ಆಕಾರಕ್ಕೆ ಬಂತು, ಆಮೇಲೆ ಗೆರೆಯಾಯಿತು, ಆಮೇಲೆ ಇಲ್ಲವಾಯಿತು. ಹೊರಗೆ ಕೋಳಿಗಳು ಗೂಡು ಸೇರಿದ ಸದ್ದು. ಅಜ್ಜಿ ಹೆದರಿ ಗೋಡೆ ಕಡೆ ನೋಡುವುದನ್ನೇ ಬಿಟ್ಟರಂತೆ. ಅದು ಸೂರ್ಯನದ್ದೇ ಚಿತ್ರ, ಸಣ್ಣ ತೂತು ಕ್ಯಾಮೆರಾದ ಕೆಲಸ ಮಾಡಿತ್ತು ಅಂತ ನಾನು ಹೇಳಿದ ಮೇಲೆ, "ಅಂದ್ರ ನಾನೂ ನೋಡೀನಿ ಅನ್ನು" ಅಂತ ನಕ್ಕರು. ಅಂಗಳಕ್ಕೆ ಬಂದು ನಿಂತಿದ್ದರೆ ಎರಡೂವರೆ ನಿಮಿಷ ಹಾಡುಹಗಲೇ ಶುಕ್ರ ಗ್ರಹ ಕಾಣುತ್ತಿತ್ತು. ನನಗಂತೂ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಷ್ಟು ಚಿಕ್ಕ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನು ಮುಚ್ಚುವುದು ಹೇಗೆ ಅಂತ ಮುಂದಿನ ವಾರ ಕೇಳೇ ಕೇಳುತ್ತೀಯ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಇರುವುದೂ ಸುಮಾರು 400 ಪಟ್ಟು ದೂರದಲ್ಲಿ. ಅದಕ್ಕೇ ಇಬ್ಬರೂ ಒಂದೇ ಅಳತೆ ಕಾಣುತ್ತಾರೆ. ಚಂದ್ರ ಸ್ವಲ್ಪ ದೂರ ಇದ್ದಾಗ ಗ್ರಹಣವಾದರೆ ಅಂಚು ಉಳಿದುಬಿಡುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರು, ಕೊಡಗಿನ ಕಡೆ ಕಂಡ ಬೆಂಕಿಯುಂಗುರ ಅದೇ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಷ್ಟು ನಮ್ಮಿಂದ ದೂರ ಸರಿಯುತ್ತಲೂ ಇದ್ದಾನೆ. ಕೋಟಿಗಟ್ಟಲೆ ವರ್ಷ ಕಳೆದ ಮೇಲೆ ಬರೀ ಉಂಗುರವೇ ಗತಿ, ಪೂರ್ಣ ಗ್ರಹಣ ಇರುವುದಿಲ್ಲ.

ಸೂರ್ಯಗ್ರಹಣವನ್ನು ಕೂಲಿಂಗ್ ಗ್ಲಾಸ್, ಎಕ್ಸ್‌ರೇ ಫಿಲ್ಮ್ ಹಿಡಿದು ನೋಡಬೇಡ. ಅದಕ್ಕೇ ಮಾಡಿದ ಕನ್ನಡಕ ಸಿಗುತ್ತದೆ. ಇಲ್ಲದಿದ್ದರೆ ರಟ್ಟಿಗೆ ಒಂದು ಸೂಜಿ ತೂತು ಹಾಕಿ ಬೆಳಕನ್ನು ಗೋಡೆಗೆ ಬಿಡು.

2034ರ ಮಾರ್ಚ್ 20ಕ್ಕೆ ಲಡಾಖ್ ಕಡೆ ಪೂರ್ಣ ಸೂರ್ಯಗ್ರಹಣ ಇದೆ. ಎಲ್ಲರೂ ಹೋಗೋಣ ಅಂತ ನಿಮ್ಮಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ. ಅಜ್ಜಿಯೂ ತಯಾರು. ಆದರೆ ಗ್ರಹಣ ಬಿಟ್ಟ ಮೇಲೆ ಆ ಚಳಿಯಲ್ಲಿ ತಣ್ಣೀರು ಸ್ನಾನ ಮಾತ್ರ ತನ್ನ ಕೈಲಾಗುವುದಿಲ್ಲವಂತೆ.

ನಿನ್ನ ಅವ್ವ