ಗುಂಡನಿಗೊಂದು ಪತ್ರ, ಕಿಟಕಿ ಬಗ್ಗೆ

ಲೋ ಗುಂಡ,

ನೀನು ಕಳಿಸಿದ ರೀಲ್ ನೋಡಿದೆ. ಶೆಟ್ಟಿಹಳ್ಳಿ ಚರ್ಚು, ಹಿಂದೆ ಕೊಳಲು, ಮುಂದೆ ಉದ್ದ ಗೌನಿನ ಮದುವೆ ಹುಡುಗಿ. ‘ನಿಮ್ಮ ಕಡೆ ಎಷ್ಟು ಚೆಂದ ಮಾರಾಯ’ ಅಂತ ಬೇರೆ ಬರೆದಿದ್ದೀಯ. ಚೆಂದ ಹೌದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕಿತು, ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಏಳುತ್ತೆ. ಅಲ್ಲಿ ಪೂಜೆಗೆ ಹೋಗುತ್ತಿದ್ದವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋದರು, ನಮ್ಮ ತಾತನ ಗದ್ದೆ ನೀರಿನಡಿ ಹೋಯಿತು. ರೀಲ್‌ನಲ್ಲಿ ಅದೆಲ್ಲ ಬರಲ್ಲ ಬಿಡು, ಗೌನಿಗೆ ಮ್ಯಾಚ್ ಆಗಲ್ಲ.

ಹಾಸನದಲ್ಲಿ ನಾನು ಕ್ರಿಶ್ಚಿಯನ್ ಅಂತ ಗೊತ್ತಾದ ತಕ್ಷಣ ಜನ ಖುಷಿಯಾಗಿ ಕೇಳುವುದು ಆ ಚರ್ಚಿನ ಬಗ್ಗೆಯೇ. ಭಾನುವಾರ ಮೈಕು ಕಿರುಚುವ, ಮಕ್ಕಳು ಅಳುವ, ಹಬ್ಬಕ್ಕೆ ಚಂದಾ ಎತ್ತುವ ನಮ್ಮ ಈಗಿನ ಚರ್ಚಿನ ಬಗ್ಗೆ ಯಾರೂ ಕೇಳಲ್ಲ. ಚಾವಣಿ ಇಲ್ಲದ ಚರ್ಚು ಎಲ್ಲರಿಗೂ ಇಷ್ಟ, ಯಾರಿಗೂ ತೊಂದರೆ ಇಲ್ಲ ಅಲ್ವಾ.

ಹೇಳೋಕೆ ಹೊರಟಿದ್ದು ಅದಲ್ಲ. ನಮ್ಮನೆ ಜಪಸರ ನಿನಗೆ ನೆನಪಿದೆ, ಮಣಿ ಎಣಿಸುತ್ತಾ ಮರಿಯ ಮಾತೆಗೆ ಹೇಳುವ ಪ್ರಾರ್ಥನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹಿಂದಿನ ದಿನ ನೀನೂ ನಮ್ಮ ಜೊತೆ ಕೂತು, 53 ‘ನಮೋ ಮರಿಯ’ ಮುಗಿದ ಮೇಲೆ ಇನ್ನೊಂದು ಗಣಿತಕ್ಕೆ ಅಂತ ಸೇರಿಸಿದ್ದೆಯಲ್ಲ. ಪಾಸೂ ಆದೆ. ಕೋಳಿ ವಿಷಯ ಇಲ್ಲಿ ಎತ್ತಲ್ಲ, ನಾಲ್ಕು ಜನ ಓದುತ್ತಿದ್ದಾರೆ.

ಆಗೆಲ್ಲ ಅಪ್ಪ ಜಪಸರ ನಡೆಸುತ್ತಿದ್ದರು, ಕಿಟಕಿ ತೆಗೆದಿರುತ್ತಿತ್ತು, ಕೊನೆಯ ಹಾಡು ಬೀದಿ ಕೊನೆಯ ತನಕ ಕೇಳುತ್ತಿತ್ತು. ಈಗ ನಾನು ನಡೆಸುತ್ತೇನೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತಲ್ಲ, ಪ್ರಾರ್ಥನೆ ಕೂಟಗಳಿಗೆ ಜನ ನುಗ್ಗಿದ ಸುದ್ದಿ ಪೇಪರಿನಲ್ಲಿ ಓದುತ್ತಿದ್ದೆವಲ್ಲ, ಆಗ ಒಂದು ಸಂಜೆ ಎದ್ದು ಹೋಗಿ ಕಿಟಕಿ ಹಾಕಿದೆ. ಯಾರೂ ಹೇಳಿರಲಿಲ್ಲ. ಮನೆಯವರು ಕೂತು ಜಪಸರ ಹೇಳುವುದಕ್ಕೂ ಆ ಕಾಯ್ದೆಗೂ ಸಂಬಂಧವೇ ಇಲ್ಲ, ಅದು ನನಗೂ ಗೊತ್ತಿತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ತೆಗೆಯಲು ತೀರ್ಮಾನಿಸಿತು. ನನ್ನ ಕಿಟಕಿ ಮಾತ್ರ ತೆಗೆಯಲಿಲ್ಲ. ನಮ್ಮ ಚರ್ಚಿನ ವಾರ್ಡಿನ, ಅಂದ್ರೆ ಅಕ್ಕಪಕ್ಕದ ಕ್ರಿಶ್ಚಿಯನ್ ಮನೆಗಳ ಗುಂಪಿನ ಸಭೆಯಲ್ಲಿ ‘ಕಾಲ ಸರಿ ಇಲ್ಲ, ಹುಷಾರಾಗಿರಬೇಕು’ ಅಂತ ಗಂಭೀರವಾಗಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಭಯ ಸುಳ್ಳಲ್ಲ ಗುಂಡ, ಭಯಪಡಲೇಬೇಕಾದ ಸ್ಥಿತಿಯಲ್ಲಿ ಇರುವವರು ನಮ್ಮಲ್ಲೇ ಇದ್ದಾರೆ. ಆದರೆ ನನ್ನದು?

ಮೊನ್ನೆ ಹಾಲು ತರಲು ಹೋದಾಗ ಪಕ್ಕದ ಮನೆ ಮೇಷ್ಟ್ರು ಗೇಟಿನ ಹತ್ತಿರ ನಿಲ್ಲಿಸಿದರು. ಮಫ್ಲರು ಬಿಚ್ಚಿ, ಮತ್ತೆ ಸುತ್ತಿಕೊಂಡು, ‘ಏನಪ್ಪ, ಈಚೆಗೆ ನಿಮ್ಮ ಭಜನೆ ಕೇಳಿಸೋದೇ ಇಲ್ಲ. ನಿಮ್ಮ ತಂದೆ ಶುರು ಮಾಡಿದರು ಅಂದ್ರೆ ನಮ್ಮನೇಲಿ ಅನ್ನಕ್ಕೆ ಇಡೋರು’ ಅಂದರು. ನಾನು ಹಲ್ಲು ಕಿರಿದೆ. ಅವರು ಹೊರಡುತ್ತಾ, ‘ಈಗ ಬರೀ ಫೋನಿನ ಜಗಳ ಕೇಳುತ್ತೆ’ ಅಂತ ಸೇರಿಸಿದರು. ಸುಮ್ನೆ ಹೇಳಿದ್ದು, ಕುಹಕ ಇರಲಿಲ್ಲ.

ಅಲ್ಲಿಗೆ ನನಗೆ ಹೊಳೆಯಿತು ಕಣೋ. ನಾನು ಜಗಳ ಆಡುವುದು ವರಾಂಡದಲ್ಲಿ, ಒಳಗೆ ಸಿಗ್ನಲ್ ಸಿಗಲ್ಲ ಅಂತ. ಏಳು ಗಂಟೆಗೆ ಅಣ್ಣನ ಜೊತೆ ಆ ಹಾಳು ಹತ್ತು ಗುಂಟೆ ಭಾಗದ ವಿಷಯಕ್ಕೆ ಬಾಯಿಗೆ ಬಂದಿದ್ದು ಬೈದು, ಎಂಟಕ್ಕೆ ಒಳಗೆ ಬಂದು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಅಂತ ರಾಗವಾಗಿ ಹೇಳುವುದು. ಎರಡನ್ನೂ ಮೇಷ್ಟ್ರು ಕೇಳಬಾರದು. ಕಿಟಕಿ ಹಾಕಿದ್ದು ಅದಕ್ಕೆ. ಹೆದರಿಕೆ ಅಂತ ಹೇಳಿಕೊಂಡರೆ ಒಂದು ಗೌರವ ಇರುತ್ತೆ, ಜನ ಅಯ್ಯೋ ಅಂತಾರೆ. ನಾಚಿಕೆ ಅಂತ ಹೇಳಿದರೆ ಯಾರು ಅಯ್ಯೋ ಅಂತಾರೆ?

ಚರ್ಚಿನಲ್ಲಿ ಇನ್ನೂ ಕಷ್ಟ. ಪೂಜೆಯ ನಡುವೆ ಫಾದರ್ ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳಿ ಅಂತಾರೆ, ಅಕ್ಕಪಕ್ಕದವರಿಗೆ ಕೈ ಮುಗಿಯಬೇಕು. ಅಣ್ಣ ಎರಡು ಸಾಲು ಮುಂದೆ ಇರುತ್ತಾನೆ. ಅವನು ಹಿಂದೆ ತಿರುಗುವ ಹೊತ್ತಿಗೆ ಸರಿಯಾಗಿ ನಾನು ಬಗ್ಗಿ ಶೂ ಲೇಸ್ ಕಟ್ಟುತ್ತಿರುತ್ತೇನೆ. ಈಚೆಗೆ ಲೇಸ್ ಇಲ್ಲದ ಶೂ ಹಾಕಿಕೊಂಡು ಹೋಗಿದ್ದೆ, ಆಗಲೂ ಬಗ್ಗಿದೆ.

ಮಗಳು ಧರ್ಮೋಪದೇಶದ ಕ್ಲಾಸಿಗೆ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಬಾಯಿಪಾಠ ಮಾಡುತ್ತಿದ್ದಾಳೆ. ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುವ ಭಾಗ. ಬೈಬಲ್‌ನಲ್ಲಿ ಬೇರೆ ಪುಟವೇ ಇರಲಿಲ್ಲವಾ? ಹೆಂಡತಿ ಸೊಪ್ಪು ಬಿಡಿಸುತ್ತಾ ಒಂದು ಮಾತೂ ಆಡಲಿಲ್ಲ, ಅದೇ ಸಾಕಾಯಿತು. ಮಗಳಿಗೆ ಇದ್ದಿದ್ದು ಒಂದೇ ಡೌಟು. ‘ಪಪ್ಪಾ, ಕಾಣಿಕೆ ಅಲ್ಲೇ ಬಿಟ್ಟು ಹೋದರೆ ಯಾರಾದ್ರೂ ಎತ್ಕೊಂಡು ಹೋಗಲ್ವಾ?’ ಹೋಗ್ತಾರೆ ಮಗಳೇ, ಅದಕ್ಕೇ ನಾನು ಬಿಟ್ಟು ಹೋಗ್ತಿಲ್ಲ ಅಂದೆ. ಅವಳು ನಗಲಿಲ್ಲ.

ಇನ್ನೇನು ಅಕ್ಟೋಬರ್, ಜಪಸರದ ತಿಂಗಳು. ಮರಿಯ ಮಾತೆಯ ಪ್ರತಿಮೆ ವಾರ್ಡಿನ ಮನೆ ಮನೆಗೂ ಬರುತ್ತೆ, ನಮ್ಮ ಸರದಿಯ ದಿನ ಇಡೀ ವಾರ್ಡು ನಮ್ಮ ಹಾಲಿನಲ್ಲಿ. ಅಣ್ಣನದೂ ಅದೇ ವಾರ್ಡು. ಅಷ್ಟು ಜನ ಕೂತ ಮೇಲೆ ಕಿಟಕಿ ಹಾಕಿದರೆ ಉಸಿರು ಕಟ್ಟಿ ಯಾರಾದರೂ ಬೀಳುತ್ತಾರೆ, ಆಮೇಲೆ ನಿಜವಾಗಲೂ ಪೊಲೀಸ್ ಬರುತ್ತಾರೆ. ನೀನು ಬಾ. ಕಡ್ಲೆಕಾಳು ಉಸ್ಲಿ ಇರುತ್ತೆ, ಗಣಿತಕ್ಕೆ ಎಕ್ಸ್‌ಟ್ರಾ ಒಂದು ಹೇಳಿಸೋಣ, ನಿನ್ನ ಮಗನಿಗೂ ಬೇಕಾಗುತ್ತೆ. ಬರುವಾಗ ನನ್ನ ಹೆಲ್ಮೆಟ್ ತಾ, ಕಾಲೇಜು ಮುಗಿದು ಯಾವ ಕಾಲ ಆಯ್ತು.

ಅಣ್ಣ ಇದನ್ನು ಓದಲ್ಲ, ಅವನು ನನ್ನನ್ನು ಬ್ಲಾಕ್ ಮಾಡಿದ್ದಾನೆ. ಅತ್ತಿಗೆ ಓದುತ್ತಾರೆ. ಅತ್ತಿಗೆ, ದಯವಿಟ್ಟು ಲೈಕ್ ಒತ್ತಬೇಡಿ, ಅವನಿಗೆ ಗೊತ್ತಾಗುತ್ತೆ.

ನಿನ್ನ,
ಹಾಡು ಮರೆತ ಪಾರ್ಟಿ