ಮಗಳಿಗೊಂದು ಪತ್ರ: ಸರ್ವಾಧಿಕಾರಿಯ ಮನೆಯ ನೆಂಟರು

ಕಾರವಾರ

ಪ್ರೀತಿಯ ಕೂಸೇ,

ಈಜಿಪ್ಟಿನ ಫುಟ್ಬಾಲ್ ಆಟಗಾರ ಮೊಹಮದ್ ಸಲಾಹ್‌ನ ಹಳೇ ಫೋಟೊ ಒಂದನ್ನು ಕಳಿಸಿ, "ಇವನೂ ಹೀಗಾ ಆಯಿ?" ಅಂತ ಕೇಳಿದ್ದೀಯಲ್ಲ. ರಷ್ಯಾದೊಳಗಿನ ಚೆಚೆನ್ಯಾದ ಸರ್ವಾಧಿಕಾರಿ ರಂಜಾನ್ ಕಾದಿರೋವ್ ಪಕ್ಕ ನಿಂತ ಫೋಟೊ. ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಮೊದಲು ನಿನ್ನ ಸಲಾಹ್. 2018ರ ವಿಶ್ವಕಪ್‌ಗೆ ಈಜಿಪ್ಟ್ ತಂಡ ಬಿಡಾರ ಹೂಡಿದ್ದು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯಲ್ಲಿ. ಆ ಜಾಗ ಆರಿಸಿದ್ದು ಈಜಿಪ್ಟಿನ ಫುಟ್ಬಾಲ್ ಸಂಸ್ಥೆ, ಆಟಗಾರರಲ್ಲ. ಭುಜಕ್ಕೆ ಪೆಟ್ಟಾಗಿ ಹೋಟೆಲಿನಲ್ಲೇ ಉಳಿದಿದ್ದವನನ್ನು ಕಾದಿರೋವ್ ತಾನೇ ಬಂದು ಸ್ಟೇಡಿಯಂಗೆ ಕರೆದುಕೊಂಡು ಹೋದ. ಆಮೇಲೆ ಗೌರವ ಪೌರತ್ವ ಬೇರೆ ಕೊಟ್ಟ. ಬೇಡ ಅನ್ನಬಹುದಿತ್ತಾ? ಅನ್ನಬಹುದಿತ್ತು. ಆದರೂ ಹುಡುಕಿಕೊಂಡು ಹೋದವರ ಸಾಲಿನಲ್ಲಿ ನಾನಂತೂ ಅವನನ್ನು ನಿಲ್ಲಿಸುವುದಿಲ್ಲ.

ದುಡ್ಡಿಗಾಗಿ ಹೋದವರ ಕತೆಯಲ್ಲಿ ಹೇಳುವುದು ಜಾಸ್ತಿ ಇಲ್ಲ. ಗಾಯಕಿ ನೆಲ್ಲಿ ಫರ್ಟಾಡೊ 2007ರಲ್ಲಿ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಕುಟುಂಬದವರ ಮುಂದೆ 45 ನಿಮಿಷ ಹಾಡಿದಳು, ಹತ್ತು ಲಕ್ಷ ಡಾಲರ್ ತಗೊಂಡಳು. 2011ರಲ್ಲಿ ಲಿಬಿಯಾದ ಜನ ದಂಗೆ ಎದ್ದ ಮೇಲೆ ಅದನ್ನು ದಾನ ಮಾಡ್ತೇನೆ ಅಂದಳು. ಅದೇ ವರ್ಷ ಹಾಲಿವುಡ್ ನಟಿ ಹಿಲರಿ ಸ್ವಾಂಕ್ ಈ ಕಾದಿರೋವ್‌ನ 35ನೇ ಹುಟ್ಟುಹಬ್ಬಕ್ಕೆ ಹೋಗಿ, ಬೈಸಿಕೊಂಡು, ಕ್ಷಮೆ ಕೇಳಿದಳು. ವ್ಯಾಪಾರ ಅದು. ಗೆಳೆತನ ಅಲ್ಲ.

ನನ್ನ ತಲೆ ತಿನ್ನುವುದು ಗೆಳೆತನವೇ. ದುಡ್ಡಿನ ಅಗತ್ಯ ಇಲ್ಲದವರೂ ಅಲ್ಲಿಗೆ ಹೋಗಿ ಕಣ್ಣೀರು ಬರುವಷ್ಟು ಪ್ರೀತಿ ಮಾಡ್ತಾರಲ್ಲ, ಅದು ಹೇಗೆ?

ಶಿರಸಿ ಕಡೆಯ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಕೇಳಿದವಳು ನೀನು. ತುಂಬಿದ ಸಭೆಯಲ್ಲಿ ಕುಲ ಕೇಳಿ ಅವಮಾನ ಮಾಡಿದಾಗ, ಎದ್ದು ಬಂದು ಅಂಗರಾಜ್ಯ ಕೊಟ್ಟವನು ದುರ್ಯೋಧನ. ಆಮೇಲೆ ಕೃಷ್ಣನೇ ಬಂದು ಹೇಳಿದರೂ ಕರ್ಣ ಅಲುಗಲಿಲ್ಲ. ಜೆರಾರ್ ದೆಪಾರ್ದ್ಯೂ ಕತೆ ನೋಡು. ಫ್ರಾನ್ಸಿನ ದೊಡ್ಡ ನಟ. ದೊಡ್ಡ ಆದಾಯಕ್ಕೆ 75 ಶೇಕಡಾ ತೆರಿಗೆ ಹಾಕುವ ಮಾತು ಬಂದಾಗ ಬೆಲ್ಜಿಯಂನಲ್ಲಿ ಮನೆ ಮಾಡಿದ. ಫ್ರಾನ್ಸಿನ ಪ್ರಧಾನಿ ಎಲ್ಲರೆದುರು ಛೀ ಅಂದರು. 2013ರ ಜನವರಿಯಲ್ಲಿ ಪುಟಿನ್ ರಷ್ಯಾದ ಪೌರತ್ವ ಕೊಟ್ಟು ಅಪ್ಪಿಕೊಂಡರು. ಛೀ ಅಂದ ಊರು ಒಂದು ಕಡೆ, ಅಪ್ಪಿಕೊಂಡ ದೊರೆ ಇನ್ನೊಂದು ಕಡೆ. ಈ ಕರ್ಣ ಮಾತ್ರ ಕೊನೆತನಕ ನಿಲ್ಲಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧವನ್ನು ಟೀಕಿಸಿದ. ಅಷ್ಟು ಮಟ್ಟಿಗೆ ಅವನೇ ವಾಸಿ ಅನ್ನು.

ಡೆನಿಸ್ ರಾಡ್‌ಮನ್ ಇನ್ನೂ ವಿಚಿತ್ರ. ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಶಿಕಾಗೊ ಬುಲ್ಸ್‌ಗೆ ಆಡಿ 1996ರಿಂದ ಮೂರು ವರ್ಷ ಸತತ ಚಾಂಪಿಯನ್ ಪಟ್ಟ ಗೆದ್ದವನು. ಆಟ ಮುಗಿದ ಮೇಲೆ ತನ್ನ ದೇಶದಲ್ಲಿ ಅವನೊಂದು ತಮಾಷೆಯ ವಸ್ತು ಆಗಿಬಿಟ್ಟಿದ್ದ. 2013ರಲ್ಲಿ ಉತ್ತರ ಕೊರಿಯಾಕ್ಕೆ ಹೋದರೆ ಕಿಮ್ ಜಾಂಗ್ ಉನ್ ಬುಲ್ಸ್ ಅಭಿಮಾನಿ! ಪಕ್ಕದಲ್ಲೇ ಕೂರಿಸಿಕೊಂಡ. ಅದೇ ಡಿಸೆಂಬರಿನಲ್ಲಿ ಕಿಮ್ ತನ್ನ ಅತ್ತೆಯ ಗಂಡನಿಗೇ ಮರಣದಂಡನೆ ಕೊಡಿಸಿದ. ಮುಂದಿನ ತಿಂಗಳು ರಾಡ್‌ಮನ್ ಪ್ಯೊಂಗ್ಯಾಂಗಿನ ಸ್ಟೇಡಿಯಂನಲ್ಲಿ ನಿಂತು ಅವನಿಗೆ ಹುಟ್ಟುಹಬ್ಬದ ಹಾಡು ಹಾಡಿದ.

ಇನ್ನೊಂದು ಇದೆ. ಸ್ಟಾರ್‌ಗೂ ದೊರೆಗೂ ಬದುಕು ಸುಮಾರು ಒಂದೇ ಥರ. ಸುತ್ತ ಹೌದಪ್ಪಗಳು, ಸಂತೆಗೆ ಒಬ್ಬರೇ ಹೋಗುವ ಹಾಗಿಲ್ಲ. ಚಪ್ಪಾಳೆಯನ್ನೇ ಪ್ರೀತಿ ಅಂದುಕೊಂಡು ವರ್ಷಗಟ್ಟಲೆ ಬದುಕಿದವರು ಒಬ್ಬರನ್ನೊಬ್ಬರು ಬೇಗ ಗುರುತು ಹಿಡಿಯುತ್ತಾರೆ. ಆದರೆ ಆ ಫೋಟೊ ನಮಗೆ ನಿಮಗೆ ತೋರಿಸಲಿಕ್ಕೆ ತೆಗೆದದ್ದಲ್ಲ ಕೂಸೇ. ಆ ದೇಶದಲ್ಲೇ ಮಗನನ್ನು ಪೊಲೀಸರು ಎತ್ತಿಕೊಂಡು ಹೋದ ಒಬ್ಬ ಆಯಿ ಇರುತ್ತಾಳಲ್ಲ, ಅವಳು ಟಿವಿಯಲ್ಲಿ ನೋಡಬೇಕು. ಜಗತ್ತೇ ಇವನ ಜೊತೆ ಇದೆ, ನನ್ನ ದೂರು ಯಾರು ಕೇಳ್ತಾರೆ ಅಂತ ಅವಳಿಗೆ ಅನ್ನಿಸಬೇಕು. ದುರ್ಯೋಧನನಿಗೆ ಕರ್ಣ ಸುಮ್ನೆ ಬೇಕಾಗಿರಲಿಲ್ಲ.

ಬುದ್ಧಿವಂತರು ಬೀಳುವುದಿಲ್ಲ ಅಂದುಕೊಳ್ಳಬೇಡ. ನಮ್ಮ ಕಡಲತೀರಕ್ಕೆ ಯಾರ ಹೆಸರಿದೆಯೋ ಅವರೇ ಬಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದಾಗ ಟ್ಯಾಗೋರ್ ಇಲ್ಲಿಗೆ ಬಂದಿದ್ದರು. ಆಗಿನ್ನೂ ಇಪ್ಪತ್ತರ ಆಸುಪಾಸು. ಕಾಳಿ ನದಿಯಲ್ಲಿ ದೋಣಿ ಹತ್ತಿದರು, ಒಂದು ನಾಟಕ ಬರೆದರು. ಇದನ್ನು ನಾವು ಕಾರವಾರದವರು ಬಂದ ನೆಂಟರಿಗೆಲ್ಲ ಹೇಳ್ತೇವೆ. 1926ರದ್ದನ್ನು ಹೇಳುವುದಿಲ್ಲ. ಆ ವರ್ಷ ಅವರು ಮುಸೊಲಿನಿ ಸರ್ಕಾರದ ಅತಿಥಿಯಾಗಿ ಇಟಲಿಗೆ ಹೋದರು. ಅದಕ್ಕೂ ಮೊದಲೇ ಮುಸೊಲಿನಿ ಶಾಂತಿನಿಕೇತನಕ್ಕೆ ಪುಸ್ತಕಗಳನ್ನು ಕಳಿಸಿದ್ದ, ಪ್ರೊಫೆಸರನ್ನೂ ಕಳಿಸಿದ್ದ. ಟ್ಯಾಗೋರರಿಗೆ ಇಟಾಲಿಯನ್ ಬರುವುದಿಲ್ಲ. ಮಧ್ಯೆ ನಿಂತು ಅನುವಾದ ಮಾಡುವವರು ಸರ್ಕಾರಕ್ಕೆ ಬೇಕಾದವರು. ಟ್ಯಾಗೋರ್ ಒಂದು ಹೇಳಿದರೆ ಪತ್ರಿಕೆಗಳಲ್ಲಿ ಎರಡಾಗಿ ಬಂತು. ಮುಸೊಲಿನಿಯ ವ್ಯಕ್ತಿತ್ವ ಅವರಿಗೆ ಹಿಡಿಸಿದ್ದೂ ಸುಳ್ಳಲ್ಲ.

ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋದಾಗ ಫ್ರೆಂಚ್ ಸಾಹಿತಿ ರೊಮೇನ್ ರೋಲಾಂ ಸಿಕ್ಕರು. ಏನು ನಡೀತಿದೆ ಅಂತ ಹೇಳಿದರು. ಇಟಲಿ ಬಿಟ್ಟು ಓಡಿಬಂದವರ ಅನುಭವವನ್ನೂ ಟ್ಯಾಗೋರ್ ಕೂತು ಕೇಳಿದರು. ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಫ್ಯಾಸಿಸಂ ವಿರುದ್ಧ ಅವರ ಪತ್ರ ಬಂತು. ಹೊಗಳಿದ್ದ ಇಟಲಿಯ ಪತ್ರಿಕೆಗಳೇ ಆಮೇಲೆ ಬೈದವು.

ನಾಟಕಕಾರ ಬರ್ನಾರ್ಡ್ ಶಾ ಇದಕ್ಕೆ ಉಲ್ಟಾ. 1931ರಲ್ಲಿ ಮಾಸ್ಕೋಗೆ ಹೋಗಿ ಸ್ಟಾಲಿನ್‌ನನ್ನು ಕಂಡು ಬಂದರು. 1933ರಲ್ಲಿ ಉಕ್ರೇನಿನ ಜನ ಹಸಿವಿನಿಂದ ಸಾಯುತ್ತಿದ್ದಾಗ, ಇದೇ ಗಾರ್ಡಿಯನ್‌ಗೆ ಬರೆದ ಪತ್ರಕ್ಕೆ ಸಹಿ ಹಾಕಿದರು: ನಾವು ಹೋದಲ್ಲಿ ಅಂಥದ್ದೇನೂ ಕಾಣಲಿಲ್ಲ ಅಂತ. ನೆಂಟರಿಗೆ ಯಾರು ಹಸಿವು ತೋರಿಸ್ತಾರೆ! ಟ್ಯಾಗೋರ್ ಕೂಡ 1930ರಲ್ಲಿ ರಷ್ಯಾಕ್ಕೆ ಹೋದರು. ಅಲ್ಲಿನ ಶಾಲೆಗಳನ್ನು ಬಾಯ್ತುಂಬ ಹೊಗಳಿದರು. ಹೊರಡುವ ಮುಂಚೆ ಇಜ್ವೆಸ್ತಿಯಾ ಪತ್ರಿಕೆಯವರಿಗೆ, ನೀವು ದ್ವೇಷ ಕಲಿಸ್ತಿದ್ದೀರಿ, ಬೇರೆ ಯೋಚನೆಗೆ ಜಾಗ ಬಿಡ್ತಿಲ್ಲ ಅಂತ ಮುಖಕ್ಕೇ ಹೇಳಿದರು. ಆ ಸಂದರ್ಶನ ಅಲ್ಲಿ ಅಚ್ಚಾದದ್ದು 1988ರಲ್ಲಿ.

ಕಲಾವಿದರಿಗೂ ರಾಜಕೀಯಕ್ಕೂ ಏನು ಸಂಬಂಧ, ಸುಮ್ನೆ ಬಿಡು ಅಂತಾರೆ ನಿನ್ನ ಅಪ್ಪ. ಅದನ್ನು ಅಧಿಕಾರದಲ್ಲಿ ಇದ್ದವರಿಗೆ ಹೇಳಬೇಕು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರ್ ಹಾಡುಗಳು ರೇಡಿಯೊದಿಂದ ಮಾಯವಾದವು. ನಮ್ಮ ಸ್ನೇಹಲತಾ ರೆಡ್ಡಿ, ಆಸ್ತಮಾ ಇದ್ದ ನಟಿ, ಬೆಂಗಳೂರು ಜೈಲಿನಿಂದ ಹೊರಗೆ ಬಂದು ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ಪದ್ಮಭೂಷಣ ವಾಪಸ್ ಕೊಟ್ಟರು. ಕೈಗಾ ಅಣುಸ್ಥಾವರ ವಿರೋಧಿಸಿ 1989ರಲ್ಲಿ ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತು ಸೋತರಲ್ಲ, ಅದೇ ಕಾರಂತರು.

ಈ ಪತ್ರ ಓದಿದ ಅಪ್ಪ, ನೀನು ಟ್ಯಾಗೋರರನ್ನು ಅಗ್ಗದಲ್ಲಿ ಬಿಟ್ಟುಬಿಟ್ಟೆ, ದೆಪಾರ್ದ್ಯೂ ಕೂಡ ಬಾಯಿ ಬಿಟ್ಟನಲ್ಲ, ಅವನಿಗೊಂದು ನ್ಯಾಯ ಇವರಿಗೊಂದಾ ಅಂತ ಜಗಳಕ್ಕೆ ಕೂತಿದ್ದಾರೆ. ಒಬ್ಬರು ಎರಡು ತಿಂಗಳಲ್ಲಿ ಹೇಳಿದರು, ಇನ್ನೊಬ್ಬ ಒಂಬತ್ತು ವರ್ಷ ತಗೊಂಡ ಅಂದೆ. ಒಪ್ಪಲಿಲ್ಲ. ನೀನೇ ಅವರಿಗೆ ಬೇರೆ ಉತ್ತರ ಬರಿ.

ಪ್ರೀತಿಯಿಂದ,
ಆಯಿ