ಬಟ್ಟೆ ತಾಗದ ಜಾಗ ನೋಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ನೀನು ಕಳಿಸಿದ ಫೋಟೊಗಳನ್ನು ನಿನ್ನೆ ರಾತ್ರಿ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ನೀನು ಕೊಳ್ಳಬೇಕು ಅಂತಿರುವ ಎರಡು ಸೆಕೆಂಡ್ ಹ್ಯಾಂಡ್ ಬೈಕ್, ಎರಡೂ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಒಂದು 2019ರದ್ದು, ಕೆಎ ನಂಬರ್, 38 ಸಾವಿರ ಕಿಲೋಮೀಟರ್ ಓಡಿದ್ದು. ಇನ್ನೊಂದು 2021ರದ್ದು, ಮಹಾರಾಷ್ಟ್ರದ ನಂಬರ್, ಬರೀ 9 ಸಾವಿರ. ನಿನ್ನ ಮನಸ್ಸು ಆಗಲೇ ಎರಡನೆಯದರ ಕಡೆ ವಾಲಿದೆ ಅಂತ ಫೋನಿನಲ್ಲೇ ಗೊತ್ತಾಯಿತು. ಸ್ವಲ್ಪ ತಡಿ. ಅಡ್ವಾನ್ಸ್ ಕೊಡಬೇಡ. ಇದನ್ನು ಪೂರ್ತಿ ಓದಿ ಆಮೇಲೆ ಹೋಗು.

ಚಾರ್ಮಾಡಿಯಲ್ಲಿ ನಮಗೆ ಆಗಿದ್ದು ನಿನಗೆ ಅರ್ಧ ಮಾತ್ರ ಗೊತ್ತು. ಅದು ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಬೈಕ್. ಟ್ಯಾಂಕಿನಲ್ಲಿ ಮುಖ ಕಾಣುವಷ್ಟು ಹೊಳಪು. ಕೊಂಡು ಎರಡು ತಿಂಗಳಾಗಿತ್ತು. ನಾನು, ಸುಮಾ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯಲು ಶುರು ಮಾಡಿದೆವು. ಹಿಂದೆ ಎರಡೂ ಕಡೆ ಬ್ಯಾಗು. ಮೂರ್ನಾಲ್ಕು ತಿರುವು ಆಗಿರಬೇಕು, ಬೈಕಿನ ಹಿಂಭಾಗ ಬಾಲ ಆಡಿಸಿದ ಹಾಗೆ ಆಡತೊಡಗಿತು. ಪಂಚರ್ ಅಂದುಕೊಂಡು ನಿಲ್ಲಿಸಿದೆ. ಟೈರಿನಲ್ಲಿ ಗಾಳಿ ಇತ್ತು. ಎಡಗಡೆ ಬ್ಯಾಗ್ ಎತ್ತಿ ನೋಡಿದರೆ, ಕ್ಯಾರಿಯರ್ ಬೋಲ್ಟ್ ಕೂರುವ ಕಡೆ ಫ್ರೇಮಿನ ಪೈಪೇ ಬಿರುಕು ಬಿಟ್ಟು ಬಾಯಿ ತೆರೆದಿತ್ತು. ಸೀಟು ಒಂದು ಕಡೆ ಕುಸಿದಿತ್ತು. ಮಡ್‌ಗಾರ್ಡ್ ಟೈರಿಗೆ ಉಜ್ಜುತ್ತಿತ್ತು. ಸುಮಾಳನ್ನು ಬ್ಯಾಗುಗಳ ಸಮೇತ ಬಸ್ಸು ಹತ್ತಿಸಿ, ನಾನು ಖಾಲಿ ಬೈಕಿನಲ್ಲಿ ಆಮೆಯ ಹಾಗೆ ಉಜಿರೆಗೆ ಇಳಿದೆ. ಅಲ್ಲಿ ವೆಲ್ಡಿಂಗ್ ಮಾಡುವವರು ಬಿರುಕಿನ ಪಕ್ಕದ ಬಣ್ಣವನ್ನು ಉಗುರಿನಲ್ಲಿ ಕೆರೆದರು. ಕೆಳಗೆ ಹಳೇ ವೆಲ್ಡಿಂಗ್, ಅದರ ಮೇಲೆ ಪುಟ್ಟಿ. "ಇದು ಇವತ್ತಿನದಲ್ಲ ಮಾರಾಯ್ರೆ, ಮೊದಲೇ ಒಮ್ಮೆ ತುಂಡಾದದ್ದು" ಅಂದರು.

ಆವತ್ತು ಇನ್ನೂ ಹತ್ತು ತಿರುವು ಹಾಗೇ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ. ನೀನೂ ಶೋಭಾಳನ್ನು ಹಿಂದೆ ಕೂರಿಸಿಕೊಂಡು ಹಿಮಾಚಲದ ಸ್ಪಿತಿಗೆ ಹೋಗುವ ಮಾತಾಡುತ್ತಿದ್ದೀಯ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಾರುವವರು ಟ್ಯಾಂಕ್ ಒರೆಸುತ್ತಾರೆ, ಸೀಟು ಒರೆಸುತ್ತಾರೆ, ಸೈಲೆನ್ಸರ್ ಉಜ್ಜುತ್ತಾರೆ. ಅವರ ಬಟ್ಟೆ ತಾಗದ ಜಾಗಗಳು ಬೈಕಿನಲ್ಲಿ ಬೇಕಾದಷ್ಟಿವೆ. ನೀನು ಅಲ್ಲಿ ನೋಡಬೇಕು.

ಮೊದಲು ಸೀಟು ಬಿಚ್ಚಿಸು. ಟೂರಿಂಗ್ ಮಾಡಿದ ಬೈಕ್ ಅಂದರೆ ಹಿಂದೆ ವರ್ಷಗಟ್ಟಲೆ ಭಾರ ಹೊತ್ತಿರುತ್ತದೆ, ಅದೂ ಹಳ್ಳದ ರಸ್ತೆಯಲ್ಲಿ. ಹಿಂದಿನ ಫ್ರೇಮು, ಕ್ಯಾರಿಯರ್ ಬೋಲ್ಟ್, ಸೈಡ್ ಬ್ಯಾಗಿನ ಕಂಬಿ ಸೇರುವ ಜಾಗ, ಇಷ್ಟು ಕಡೆಯೂ ಟಾರ್ಚ್ ಹಾಕಿ ನೋಡು. ಬೆರಳಾಡಿಸು. ಬಣ್ಣ ಒಂದೇ ಕಡೆ ಹೊಸದಾಗಿದ್ದರೆ ಯಾಕೆ ಅಂತ ಕೇಳು. ಕಾರಣ ಸರಿಯಾಗಿ ಹೇಳದಿದ್ದರೆ ಅಲ್ಲಿಂದ ಎದ್ದು ಬಾ.

ಆಮೇಲೆ ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿ, ಟ್ಯಾಂಕಿನ ಮುಂದೆ ಬಗ್ಗಿ ಕೆಳಗೆ ನೋಡು. ಹ್ಯಾಂಡಲ್ ಅದಕ್ಕಿಂತ ಜಾಸ್ತಿ ತಿರುಗದ ಹಾಗೆ ಫ್ರೇಮಿನಲ್ಲಿ ಒಂದು ಸಣ್ಣ ಕಬ್ಬಿಣದ ತಡೆ ಇರುತ್ತದೆ. ಎರಡೂ ಕಡೆ. ಬೈಕ್ ಜೋರಾಗಿ ಬಿದ್ದಾಗ ಹ್ಯಾಂಡಲ್ ತಿರುಚಿಕೊಂಡು ಈ ತಡೆಗೆ ಬಡಿಯುತ್ತದೆ. ಅಲ್ಲಿ ಜಜ್ಜಿದ ಗುರುತು, ಒಡೆದ ಬಣ್ಣ ಕಂಡರೆ ಮುಂದಿನಿಂದ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು. ಕ್ರ್ಯಾಶ್ ಗಾರ್ಡ್, ಕ್ಲಚ್ ಲಿವರ್, ಫುಟ್‌ರೆಸ್ಟ್ ಎಲ್ಲ ಹೊಸದು ಹಾಕಿಸಬಹುದು. ಫ್ರೇಮಿನ ಈ ತಡೆಯನ್ನು ಬದಲಾಯಿಸಲು ಆಗುವುದಿಲ್ಲ. ನಿಂತಲ್ಲೇ ಬಿದ್ದ ಗೀರು ಇದ್ದರೆ ತಲೆ ಕೆಡಿಸಿಕೊಳ್ಳಬೇಡ. ಇಷ್ಟು ತೂಕದ ಬೈಕನ್ನು ಎಲ್ಲರೂ ಒಮ್ಮೆಯಾದರೂ ಬೀಳಿಸಿರುತ್ತಾರೆ.

ಅಲ್ಲೇ ಕೋನ್ ಸೆಟ್ಟೂ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗೂ ನೋಡಿಬಿಡು. 411ಕ್ಕೆ ಸೆಂಟರ್ ಸ್ಟ್ಯಾಂಡ್ ಇದೆ. ಅದರ ಮೇಲೆ ನಿಲ್ಲಿಸಿ, ಯಾರಾದರೂ ಹಿಂದೆ ಅದುಮಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಎರಡೇ ಬೆರಳಲ್ಲಿ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ತಿರುಗಿಸು. ನೀರಿನ ಹಾಗೆ ಹೋಗಬೇಕು. ನಡುವೆ, ನೇರಕ್ಕೆ ಬಂದಾಗ ಸಣ್ಣ ಗುಂಡಿಯಲ್ಲಿ ಕೂತ ಹಾಗೆ ತಡೆದರೆ ಬೇರಿಂಗ್ ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ನೋಡು, ಟಕ್ ಅನ್ನಬಾರದು. ಇದು ರಿಪೇರಿ ಆಗುವ ವಿಷಯ, ಬೈಕ್ ಬೇಡ ಅನ್ನುವಷ್ಟಲ್ಲ. ಬೆಲೆಯಲ್ಲಿ ಕಳೆಯಬೇಕು ಅಷ್ಟೇ. ಫೋರ್ಕಿಗೆ ರಬ್ಬರ್ ಕವಚ ಇದ್ದರೆ ಸ್ವಲ್ಪ ಸರಿಸಿ ಒಳಗೆ ನೋಡು. ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಆಯಿಲ್ ಸೀಲ್ ಹೋಗಿದೆ.

ಈಗ 9 ಸಾವಿರದ ವಿಷಯ. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ 38 ಸಾವಿರದ ಎಂಜಿನ್ನಿಗೆ ನಾನು ಹೆದರುವುದಿಲ್ಲ. ವರ್ಷಗಟ್ಟಲೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಬೈಕಿಗೆ ಹೆದರುತ್ತೇನೆ. ಪೆಟ್ರೋಲ್ ಕೆಟ್ಟಿರುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಹಿಡಿದಿರಬಹುದು, ರಬ್ಬರ್ ಎಲ್ಲ ಗಟ್ಟಿಯಾಗಿರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಓದು. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗ್ರಿಪ್ ಎಷ್ಟೇ ಉಳಿದಿರಲಿ, ಐದಾರು ವರ್ಷ ದಾಟಿದ ಟೈರನ್ನು ನಂಬಿ ನೀನು ಘಾಟಿ ಇಳಿಯಬಾರದು.

9 ಸಾವಿರ ನಿಜವೋ ಅಲ್ಲವೋ ಅಂತಲೂ ನೋಡಬೇಕು. ಮೀಟರ್ ತಿರುಗಿಸುವುದು ಹೊಸ ವಿದ್ಯೆ ಅಲ್ಲ. ಬ್ರೇಕ್ ಪೆಡಲ್ ತುದಿ ಸವೆದು ಬೆಳ್ಳಗಾಗಿದೆಯಾ? ಚೈನ್ ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಅದರ ಹಲ್ಲು ಗಾಳದ ಹಾಗೆ ಬಾಗಿದೆಯಾ? ಹಿಂದಿನ ಸ್ಪ್ರಾಕೆಟ್ಟಿನ ಮೇಲಿಂದ ಚೈನನ್ನು ಎಳೆದರೆ ಹಲ್ಲು ಕಾಣುವಷ್ಟು ಎದ್ದು ಬರುತ್ತದೆಯಾ? ಡಿಸ್ಕ್ ಅಂಚಿನಲ್ಲಿ ಉಗುರಿಗೆ ತಡೆಯುವ ಹಾಗೆ ಏಣು ಇದೆಯಾ? ಇಷ್ಟೆಲ್ಲ ಇದ್ದು ಮೀಟರ್ 9 ಸಾವಿರ ಅಂದರೆ ಮೀಟರನ್ನು ನಂಬಬೇಡ. ಸರ್ವಿಸ್ ಬಿಲ್ ಕೇಳು. ಬಿಲ್ಲಿನಲ್ಲಿ ದಿನಾಂಕದ ಜೊತೆ ಕಿಲೋಮೀಟರೂ ಇರುತ್ತದೆ. ನಿನ್ನ 2019ರವರು ಫೈಲ್ ಇಟ್ಟಿದ್ದಾರೆ ಅಂದೆಯಲ್ಲ, ನನಗೆ ಆ ಮಾತೇ ತುಂಬಾ ಇಷ್ಟವಾಯಿತು.

ಎರಡೂ ಬೈಕ್ ಬೆಂಗಳೂರಿನಲ್ಲೇ ಇರುವುದರಿಂದ ಇನ್ನೊಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಿಗೆ ನೀರು ನುಗ್ಗಿತ್ತು, ನೆನಪಿದೆ ಅಲ್ವಾ? ಆಗ ಮುಳುಗಿದ ಬೈಕ್‌ಗಳೂ ಮಾರಾಟಕ್ಕೆ ಬರುತ್ತವೆ. ಸೀಟಿನ ಕೆಳಗೆ ವೈರಿಂಗ್ ಕನೆಕ್ಟರ್ ಒಂದೆರಡು ಬಿಚ್ಚಿಸಿ ನೋಡು. ಪಿನ್ನಿನ ಮೇಲೆ ಹಸಿರು ಪುಡಿ ಕಟ್ಟಿದ್ದರೆ ನೀರು ಕಂಡಿದೆ. ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೂ ಹಾಗೇ. ಫಾಗ್ ಲ್ಯಾಂಪ್, ಫೋನ್ ಚಾರ್ಜರ್‌ಗೆ ಎಳೆದ ವೈರನ್ನೂ ನೋಡು. ರಿಲೇ, ಫ್ಯೂಸ್ ಹಾಕಿ ಅಚ್ಚುಕಟ್ಟಾಗಿ ಕಟ್ಟಿದ್ದರೆ ಒಳ್ಳೆಯದು. ಮೂಲ ವೈರನ್ನು ಕೊಯ್ದು ಟೇಪ್ ಸುತ್ತಿದ್ದರೆ ಸ್ಪಿತಿಯ ಚಳಿಯಲ್ಲಿ ನಿನ್ನನ್ನು ಕೈಬಿಡುವುದು ಅದೇ.

ಹೋಗುವ ಮುಂಚೆ ಫೋನ್ ಮಾಡಿ "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳು. ಹೋದ ತಕ್ಷಣ ಎಂಜಿನ್ ಮುಟ್ಟು. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡು, ಇನ್ನೊಂದು ದಿನ ಬರುತ್ತೇನೆ ಅನ್ನು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರ್ ನೋಡು. ಮೊದಲು ಸ್ವಲ್ಪ ಬಿಳಿ ಆವಿ ಬಂದರೆ ಸಹಜ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ನೋಡುವ ಗಾಜಿನಲ್ಲಿ ಮಟ್ಟ ಸರಿಯಾಗಿದೆಯಾ, ಆಯಿಲ್ ಹಾಲು ಬೆರೆತ ಕಾಫಿಯ ಹಾಗೆ ಕಾಣುತ್ತಿದೆಯಾ ನೋಡು. ಹಾಗೆ ಕಂಡರೆ ನೀರು ಸೇರಿದೆ.

ಓಡಿಸಿ ನೋಡುವಾಗ ಒಬ್ಬನೇ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬರಬೇಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅರ್ಧ ಗಂಟೆ ಓಡಿಸು. ಐದನೇ ಗೇರಿನಲ್ಲಿ ಆಕ್ಸಿಲೇಟರ್ ಪೂರ್ತಿ ತಿರುಗಿಸಿದಾಗ ಎಂಜಿನ್ ಕೂಗುತ್ತಾ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಮೆಲ್ಲಗೆ ಬ್ರೇಕ್ ಹಿಡಿದಾಗಲೂ ಲಿವರ್ ಬೆರಳಿಗೆ ಮಿಡಿದರೆ ಡಿಸ್ಕ್ ಬಾಗಿರಬಹುದು. ಟ್ರಾಫಿಕ್ಕಿನಲ್ಲಿ ಬಿಸಿಯಾದ ಮೇಲೆ ಆಫ್ ಮಾಡಿ, ಮತ್ತೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆಯಾ ನೋಡು. ವಾಪಸ್ ಬಂದು ಚಕ್ರದ ಕಡ್ಡಿಗಳನ್ನು (ಸ್ಪೋಕ್) ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟು. ಎಲ್ಲ ಹೆಚ್ಚು ಕಡಿಮೆ ಒಂದೇ ಸದ್ದು ಕೊಡಬೇಕು. ಸಡಿಲವಾದ ಕಡ್ಡಿ ಡಬ್ ಅನ್ನುತ್ತದೆ.

ಕಾಗದಪತ್ರ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ಹೋಲಿಸಿ ನೋಡು. ಸಾಲ ತೀರಿದೆಯಾ, ಸಾಲ ತೀರಿತು ಅನ್ನುವ ಫಾರಂ 35 ಬ್ಯಾಂಕಿನಿಂದ ಬಂದಿದೆಯಾ, ದಂಡ ಬಾಕಿ ಇದೆಯಾ ಕೇಳು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ಹಣ ಕೊಡಬೇಡ. ಇನ್ಶೂರೆನ್ಸನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಡು. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿನಗೆ ಬರುವುದಿಲ್ಲ, ಅದನ್ನು ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡ. ಮಹಾರಾಷ್ಟ್ರದ ಬೈಕಿಗೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಬೇಕು. ಆ ಖರ್ಚು, ಆ ಓಡಾಟ ಸೇರಿಸಿದ ಮೇಲೂ ಅದು ಅಗ್ಗವೇ ಅಂತ ಒಮ್ಮೆ ಲೆಕ್ಕ ಹಾಕು.

ನನ್ನನ್ನು ಕೇಳಿದರೆ ಮೊದಲು 2019ರದ್ದನ್ನು ನೋಡಬೇಕು. ಫೋಟೊದಲ್ಲಿ ಅದರ ಚೈನ್ ಗಮನಿಸಿದೆ. ಟ್ಯಾಂಕಿನ ಮೇಲೆ ಧೂಳಿದೆ, ಚೈನ್ ಮಾತ್ರ ಶುದ್ಧವಾಗಿದೆ, ಹೊಸದಾಗಿ ಲೂಬ್ ಹಾಕಿದ್ದಾರೆ. ಫೋಟೊ ತೆಗೆಯುವ ಹೊತ್ತಲ್ಲಿ ಟ್ಯಾಂಕ್ ಒರೆಸುವುದು ಬಿಟ್ಟು ಚೈನ್ ನೋಡಿಕೊಂಡವರು ಅವರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇವೆ ಅಂತ ಅವರಿಗೆ ತಿಳಿಸು. ನೀನು ಶನಿವಾರ ರಾತ್ರಿಯೇ ಶಿವಮೊಗ್ಗದಿಂದ ಹೊರಟು ನಮ್ಮ ಮನೆಗೆ ಬಾ. ಟಾರ್ಚ್, ಸ್ಪ್ಯಾನರ್ ನನ್ನ ಹತ್ತಿರ ಇವೆ. ಹಿಂದೆ ಕೂರಲು ನಾನೇ ಇದ್ದೇನೆ.

ನಿನ್ನ,
ಮಂಜು